ಎರಡು ಗಡಿಯಾರದ ಮೇಸ್ತ್ರಿ

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಲು ಬಿಟ್ಟಿದ್ದರೆ ನಾನೂ ಈಗ ಸುಮ್ಮನಿರುತ್ತಿದ್ದೆ.

ಅವನ ಹೆಸರು ಹೇಳುವುದಿಲ್ಲ. ಹೆಸರು ಹೇಳಿ ನೆನೆಯುವುದು ದೊಡ್ಡವರಿಗೆ ಸಲ್ಲುವ ಮರ್ಯಾದೆ. ನಾವು ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆವು, ಎದುರಿಗೆ ಸಿಕ್ಕರೆ 'ಸಾ' ಎನ್ನುತ್ತಿದ್ದೆವು. ಆ 'ಸಾ'ಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಒಂದು ಮೂಟೆ ಆಗುತ್ತಿತ್ತು. ಅದಾಗದ್ದರಿಂದ ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊಸತು. ನಾನು ಯಳಂದೂರಿನಿಂದ ಮದುವೆಯಾಗಿ ಬಂದವಳು, ಎಂಟನೇ ಕ್ಲಾಸು ಓದಿದ್ದೆ. ಗಂಡ ಹನೂರಿನ ಕಡೆಯ ಕಾಡಿನಿಂದ ಬಿದಿರು ಹೊರುವ ಲಾರಿಯ ಜೊತೆ ಹೋದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಮನೆಯಲ್ಲಿ ನಾನು, ಅತ್ತೆ. ಊರ ಹೊರಗೆ ಒಬ್ಬ ಧಣಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದರು. ಈಗ ಅಲ್ಲಿ ಗೋಡೆಯೂ ಉಳಿದಿಲ್ಲ. ಉದ್ದನೆಯ ಶೆಡ್ಡು, ಎರಡು ಸಾಲು ಬೇಸಿನ್ನು, ಒಂದೊಂದರಲ್ಲೂ ಕೊತಕೊತ ಕುದಿಯುವ ನೀರು, ನೀರಿನಲ್ಲಿ ರೇಷ್ಮೆಗೂಡು. ನಾವು ಹೆಂಗಸರು ಆ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆಯ ತುದಿ ಹುಡುಕಿ ಚಕ್ರಕ್ಕೆ ಕೊಡಬೇಕು. ಬೆರಳಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಸಂಜೆ ಮುದ್ದೆ ಮುರಿದರೆ ರಾಗಿಯೂ ರೇಷ್ಮೆ ಹುಳುವಿನ ವಾಸನೆ ಹೊಡೆಯುತ್ತಿತ್ತು.

ಈ ಶೆಡ್ಡಿಗೆ ಅವನು ಮೇಸ್ತ್ರಿ. ಬಿಳಿ ಅಂಗಿ, ಬಿಳಿ ಪಂಚೆ, ಕಂಕುಳಲ್ಲಿ ಮಳೆಗಾಲ ಬೇಸಗೆ ಎನ್ನದೆ ಒಂದು ಕೊಡೆ. ದನಿ ಎತ್ತಿದವನೇ ಅಲ್ಲ. ಬೈಯುವ ಮೇಸ್ತ್ರಿಗಳನ್ನು ನಾನು ಆಮೇಲೆ ನೋಡಿದ್ದೇನೆ, ಅವರು ಎಷ್ಟೋ ವಾಸಿ. ಬೈದವರಿಗೆ ತಿರುಗಿ ಬೈಯಬಹುದು, ಕೊನೆಗೆ ಮನೆಗೆ ಹೋಗಿಯಾದರೂ ಬೈಯಬಹುದು. ಇವನು 'ತಾಯಿ' ಎಂದು ಕರೆಯುತ್ತಿದ್ದ. ನಾನು ಹತ್ತೊಂಬತ್ತರ ಹುಡುಗಿ, ನನ್ನನ್ನೂ 'ತಾಯಿ' ಎನ್ನುತ್ತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಮ್ಮ ಹೊತ್ತನ್ನು ತೆಗೆಯುತ್ತಿದ್ದ.

ಅವನ ಪದ್ಧತಿ ಹೇಳುತ್ತೇನೆ. ಗೋಡೆಯ ಮೇಲೆ ಪ್ರತಿಯೊಬ್ಬಳಿಗೂ ಒಂದೊಂದು ಮೊಳೆ. ಮೊಳೆಗೆ ಒಂದು ನಶ್ಯದ ಡಬ್ಬಿ, ಒಂದು ಸಣ್ಣ ಹಲಗೆಚೂರು. ನೀರು ಕುಡಿಯಲೋ ಬಯಲಿಗೋ ಹೊರಗೆ ಹೋಗಬೇಕಾದರೆ ಹಲಗೆ ತೆಗೆದುಕೊಂಡು ಅವನ ಮುಂದೆ ನಿಲ್ಲಬೇಕು. ಶೆಡ್ಡಿನೊಳಗಿನ ಗೋಡೆ ಗಡಿಯಾರ ನೋಡಿ ಹೋದ ಹೊತ್ತನ್ನು ಬಳಪದಲ್ಲಿ ಬರೆಯುವನು. ವಾಪಸ್ ಬರುವಾಗ ಗೇಟಿನಲ್ಲಿ ಕೂತ ತಾತ, ಗೇಟಿನ ಗಡಿಯಾರ ನೋಡಿ ಬಂದ ಹೊತ್ತನ್ನು ಅದರ ಕೆಳಗೆ ಬರೆದುಕೊಡುವನು. ಮೇಸ್ತ್ರಿ ಕಳೆದು ನೋಡಿ, ಕಾಲು ಗಂಟೆಗೆ, ಅದಕ್ಕಿಂತ ಕಡಿಮೆಯಾದರೂ, ಒಂದು ಹುಣಸೆ ಬೀಜದಂತೆ ನಮ್ಮ ಡಬ್ಬಿಗೆ ಹಾಕುವನು. ಕಾಲು ಗಂಟೆಯ ಮೇಲೆ ಒಂದು ನಿಮಿಷವಾದರೂ ಅದಕ್ಕೆ ಇನ್ನೊಂದು ಬೀಜ. ಬೀಜದಷ್ಟು ಕೂಲಿ ಕಡಿತ. ಶನಿವಾರದೊಳಗೆ ಡಬ್ಬಿ ಕುತ್ತಿಗೆವರೆಗೆ ತುಂಬಿದರೆ ಮುಂದಿನ ವಾರ ಆ ಹೆಂಗಸಿಗೆ ಬೇಸಿನ್ ಇಲ್ಲ. ಅವನ ಲೆಕ್ಕದಲ್ಲಿ ನಾವು ಹೆಂಗಸರೇ ಅಲ್ಲ, ಸಾಲಾಗಿ ನೇತುಹಾಕಿದ ಡಬ್ಬಿಗಳು.

ಬೀಜ ಹಾಕುವ ಮುಂಚೆ ಹೆಬ್ಬೆರಳನ್ನು ನಾಲಗೆಗೆ ತಾಗಿಸಿಕೊಳ್ಳುತ್ತಿದ್ದ. ಆಮೇಲೆ 'ಟಿಣ್' ಎಂದು ಸದ್ದು. ಅಷ್ಟು ಚಕ್ರಗಳ ಗದ್ದಲದಲ್ಲೂ ಆ ಸದ್ದು ಅವರವರ ಕಿವಿಗೆ ಸರಿಯಾಗಿ ಕೇಳುತ್ತಿತ್ತು. ಬೀಜಗಳನ್ನು ಹನೂರು ಸಂತೆಯಿಂದ ತಾನೇ ಆರಿಸಿ ತರುತ್ತಿದ್ದ. ಎಲ್ಲ ಒಂದೇ ಗಾತ್ರ, ಒಂದೇ ಹೊಳಪು. ಭಾನುವಾರ ತೊಳೆದು ಒಣಗಿಸುತ್ತಿದ್ದನಂತೆ.

"ಒಬ್ಬಳಿಗೆ ದಪ್ಪ ಬೀಜ, ಒಬ್ಬಳಿಗೆ ಸಣ್ಣ ಬೀಜ ಆಕುದ್ರೆ ಡಬ್ಬಿ ತುಂಬದ್ರಲ್ಲಿ ಅನ್ಯಾಯ ಆಯ್ತದೆ ತಾಯಿ. ದೇವರು ಮೆಚ್ಚಾಕಿಲ್ಲ" ಎಂದಿದ್ದ ಒಮ್ಮೆ.

ನನ್ನ ಪಕ್ಕದ ಬೇಸಿನ್ನಿನ ಪಾಪಮ್ಮಕ್ಕ ಹೂಗ್ಯಂ ಕಡೆಯವಳು. ಕಾಡಂಚಿನ ಜನಕ್ಕೆ ಹೆದರಿಕೆ ಕಡಿಮೆ, ನಾಲಗೆ ಉದ್ದ. ಒಂದು ದಿನ ಅವಳ ಮೊಣಕೈವರೆಗೆ ಬಿಸಿನೀರು ಹಾರಿ ಬೊಬ್ಬೆ ಎದ್ದಿತು. ಮೇಸ್ತ್ರಿ ಓಡಿ ಬಂದ. ತನ್ನ ಮೇಜಿನಿಂದ ಬೆಟ್ಟದ ಜೇನಿನ ಸೀಸೆ ತಂದು, ಕೆಳಗೆ ಕೂತು, ಉಫ್ ಉಫ್ ಎಂದು ಊದುತ್ತ ಅವಳ ಕೈಗೆ ಜೇನು ಸವರಿದ. ಸ್ವಂತ ಅಣ್ಣನೂ ಅಷ್ಟು ಮಾಡುವುದಿಲ್ಲ. ನಮಗೆಲ್ಲ ಕಣ್ಣು ತುಂಬಿ ಬಂತು. ಸವರಿ ಮುಗಿಸಿ ಎದ್ದು, ಪಂಚೆ ಕೊಡವಿ, ಹೆಬ್ಬೆರಳು ನಾಲಗೆಗೆ ತಾಗಿಸಿ, ಅವಳ ಡಬ್ಬಿಗೆ ಟಿಣ್ ಎಂದು ಒಂದು ಬೀಜ ಹಾಕಿದ.

"ಇದ್ಯಾಕ್ ಸಾ? ನಾನೆಲ್ಲೂ ಓಗ್ನಿಲ್ವಲ್ಲ?"

"ಕೂತಿದ್ಯಲ್ಲ ತಾಯಿ. ಓದೊತ್ತು ತಿರ್ಗಾ ಬಂದದಾ?"

ಇದು ಅವನ ಮಾತು. ದಿನಕ್ಕೆ ಹತ್ತು ಸಲ ಆಡುತ್ತಿದ್ದ. ಹೋದ ಹೊತ್ತು ತಿರುಗಿ ಬರುತ್ತದಾ? ನಾನು ಇದನ್ನು ಮರೆತಿಲ್ಲ.

ಅವನಲ್ಲಿ ಮೆಚ್ಚುವಂಥದ್ದು ಏನೂ ಇರಲಿಲ್ಲವೇ ಎಂದರೆ, ಇತ್ತು. ಕಣ್ಣು ಮುಚ್ಚಿ ಎಳೆಯನ್ನು ಎರಡು ಬೆರಳಲ್ಲಿ ಉಜ್ಜಿ ಯಾರ ಬೇಸಿನ್ನಿನದು ಎಂದು ಹೇಳುತ್ತಿದ್ದ. ಯಾವ ಹೆಂಗಸಿನ ಮೈಮೇಲೂ ಕೆಟ್ಟ ಕಣ್ಣು ಹಾಕಿದವನಲ್ಲ. ತನ್ನ ಹೆಸರಿಗೂ ಒಂದು ಮೊಳೆ, ಒಂದು ಡಬ್ಬಿ ಇಟ್ಟುಕೊಂಡಿದ್ದ. ಹೊರಗೆ ಹೋಗಿ ಬಂದರೆ ತನಗೂ ಬೀಜ ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಿ ನಾವು, ಪಾಪ, ನ್ಯಾಯವಂತ ಎಂದುಕೊಳ್ಳುತ್ತಿದ್ದೆವು. ಒಂದೇ ಒಂದು ವ್ಯತ್ಯಾಸ. ತನ್ನ ಹೊತ್ತನ್ನು ಅವನು ಗೋಡೆಯ ಗಡಿಯಾರದಲ್ಲಿ ನೋಡುತ್ತಿರಲಿಲ್ಲ. ಅಂಗಿಯ ಜೇಬಿನಿಂದ ತನ್ನ ಗಡಿಯಾರ ತೆಗೆದು, ಹೋಗುವಾಗಲೂ ಅದನ್ನೇ ನೋಡುವನು, ಬಂದಾಗಲೂ ಅದನ್ನೇ ನೋಡುವನು. ದೊಡ್ಡವರ ಶೋಕಿ ಎಂದು ನಾವು ಸುಮ್ಮನಿದ್ದೆವು.

ಇನ್ನು ಆ ಎರಡು ಗಡಿಯಾರಗಳ ವಿಷಯ. ಧಣಿ ಕೊಯಮತ್ತೂರಿನಿಂದ ಜೋಡಿಯಾಗಿ ತರಿಸಿದ್ದು, ಎರಡೂ ಅಚ್ಚು ಹಾಕಿದ ಹಾಗೆ ಒಂದೇ ಥರ. ಗೇಟಿನದು ಮೊದಲು ಗಂಟೆ ಹೊಡೆಯುತ್ತಿತ್ತು. ಅದು ಹೊಡೆದು, ನಾವು ಒಂದು ಹಿಡಿ ಗೂಡಿನ ತುದಿ ಹುಡುಕಿ ಮುಗಿಸುವ ಹೊತ್ತಿಗೆ ಒಳಗಿನದು ಹೊಡೆಯುತ್ತಿತ್ತು. ದಿನಾ ಹೀಗೇ. ನಮಗದು ತಮಾಷೆ. ಗೇಟಿನದು ಮದ್ರಾಸ್ ಟೈಮು, ಒಳಗಿನದು ಮೈಸೂರು ಟೈಮು ಎಂದು ಹೆಸರಿಟ್ಟಿದ್ದೆವು. ಮೇಸ್ತ್ರಿಯೂ ನಗುತ್ತಿದ್ದ.

"ಸೇರಿದ್ದು ಈಚೆಗಲ್ವಾ ತಾಯಿ, ಇನ್ನೂ ಒಂದಕ್ಕೊಂದು ಒಂದ್ಕಂಡಿಲ್ಲ."

ನಗುತ್ತ ನಗುತ್ತ ಎಷ್ಟು ದಿನ ಸುಲಿಸಿಕೊಂಡೆವೋ.

ಮಗಳು ಹುಟ್ಟಿದ ಮೂರನೇ ತಿಂಗಳಿಗೆ ನಾನು ಕೆಲಸಕ್ಕೆ ವಾಪಸ್ ಹೋದೆ. ಹೋಗದಿದ್ದರೆ ನನ್ನ ಬೇಸಿನ್ನು ಬೇರೆಯವಳ ಪಾಲಾಗುತ್ತಿತ್ತು. ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ನಾನು ಹಲಗೆ ತೋರಿಸಿ, ಓಡಿ, ಹಾಲು ಕೊಟ್ಟು, ಓಡಿ ಬರಬೇಕು. ಹತ್ತು ನಿಮಿಷ ಕೊಟ್ಟೆ ಅಂದುಕೊಂಡು ಬಂದರೆ ಟಿಣ್, ಟಿಣ್, ಎರಡು ಬೀಜ. ನಾನು ನನ್ನನ್ನೇ ಬೈದುಕೊಂಡೆ. ಮಗುವಿನ ಮುಖ ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ತಪ್ಪು ನನ್ನದೇ ಎಂದುಕೊಂಡೆ. ಮಾರನೆಯ ದಿನ ಇನ್ನೂ ಬೇಗ ಎದ್ದು ಬಂದೆ. ಕೊನೆಗೆ ಗೊತ್ತಾದದ್ದು, ಕೂಸು ನಾಲ್ಕು ಗುಟುಕು ಕುಡಿದ ಕೂಡಲೆ ಕಿತ್ತುಕೊಂಡು ಓಡಿದರೆ ಮಾತ್ರ ಒಂದೇ ಬೀಜ. ದಿನಕ್ಕೆ ಮೂರು ಸಲ ಹಾಗೆ ಬಾಯಿಂದ ಕಿತ್ತುಕೊಂಡಿದ್ದೇನೆ. ಅದು ಬಾಯಿ ತೆರೆದುಕೊಂಡೇ ಅಳುತ್ತಿತ್ತು. ಅಳು ಗೇಟು ದಾಟಿ ಶೆಡ್ಡಿನ ಬಾಗಿಲವರೆಗೂ ಬೆನ್ನು ಹತ್ತಿ ಬರುತ್ತಿತ್ತು.

ಅತ್ತೆ ಒಮ್ಮೆ ತಡೆಯಲಾರದೆ ಗೇಟಿನವರೆಗೆ ಬಂದು ಅವನನ್ನೇ ಕರೆಸಿ ಬೇಡಿಕೊಂಡಳು.

"ಒಂದ್ಗಳ್ಗೆ ಬುಡಿ ಸಾಮಿ. ಕೂಸಿನ ಒಟ್ಟೆ ಅದು. ಕುಡ್ಕಂಡ್ ಮುಗಿಸ್ಲಿ."

"ಬ್ಯಾಡ ಅಂದವರ್ಯಾರವ್ವ? ಎಷ್ಟೊತ್ತಾದ್ರೂ ಕೊಡ್ಲಿ. ನಾನೇನು ಕೂಸಿನ ಬಾಯಿಂದ ಕಿತ್ಕತೀನಾ? ಗಡಿಯಾರ ಎಷ್ಟೇಳ್ತದೋ ಅಷ್ಟು ಬೀಜ, ಅಷ್ಟೇ."

ಹಾಲು ಕೇಳುವ ಬಾಯಿಗೆ ಹಾಲು ಸಿಗದಿದ್ದರೆ ಕೊಡುವ ಮೈ ಕೂಡ ಮುನಿಸಿಕೊಳ್ಳುತ್ತದೆ. ಮೊದಮೊದಲು ರವಿಕೆ ಒದ್ದೆಯಾಗುತ್ತಿತ್ತು, ಬಿಗಿದು ನೋಯುತ್ತಿತ್ತು. ಆಮೇಲೆ ನೋವು ಕಡಿಮೆಯಾಯಿತು. ನೋವು ಹೋಯಿತು ಎಂದು ಖುಷಿಪಟ್ಟೆ, ಅಂಥ ದಡ್ಡಿ ನಾನು. ದೀಪಾವಳಿಯ ಹೊತ್ತಿಗೆ ಒಂದು ತೊಟ್ಟೂ ಇರಲಿಲ್ಲ. ಅತ್ತೆ ಸಬ್ಬಸಿಗೆ ಸೊಪ್ಪು ಬೇಯಿಸಿದಳು, ಬೆಳ್ಳುಳ್ಳಿ ಹುರಿದಳು, ಯಾವುದೋ ದೇವರಿಗೆ ಹರಕೆ ಕಟ್ಟಿದಳು. ಬರಲಿಲ್ಲ. ಕೂಸು ಆಡಿನ ಹಾಲು, ರಾಗಿಸರಿ ಕುಡಿದು, ಪದೇ ಪದೇ ಭೇದಿಯಾಗಿ, ಕೋಲಿನ ಹಾಗೆ ಬೆಳೆಯಿತು. ಬದುಕಿತು. ಬದುಕಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಬೇಕಿರಲಿಲ್ಲ, ಈಗಲೂ ಬೇಡ.

ಹಾಲು ನಿಂತ ಮೇಲೂ ಅತ್ತೆ ಕೂಸನ್ನು ಕರೆತರುತ್ತಿದ್ದಳು, ನನ್ನ ಮುಖ ನೋಡಲಿ ಎಂದು. ಒಂದು ದಿನ ಹೊರಗೆ ಬಂದು ನೋಡಿದರೆ ಮರದ ಕೆಳಗೆ ಯಾರೂ ಇಲ್ಲ, ಕೂಸಿಗೆ ಜ್ವರವೆಂದು ಅತ್ತೆ ಬಂದಿರಲಿಲ್ಲ. ಗೇಟಿನಲ್ಲಿ ನಿಲ್ಲದೆ ಹಾಗೇ ತಿರುಗಿದೆ. ತಾತನಿಂದ ಬರೆಸಿಕೊಂಡು ಒಳಗೆ ಬಂದೆ. ಹೋದದ್ದಕ್ಕೂ ಬಂದದ್ದಕ್ಕೂ ನಡುವೆ ಒಂದು ಎಲೆ ಅಡಿಕೆ ಮಡಿಸುವಷ್ಟು ಹೊತ್ತೂ ಆಗಿರಲಿಲ್ಲ. ಹಲಗೆಯ ಮೇಲೆ ಮಾತ್ರ ಹನ್ನೆರಡು ನಿಮಿಷ.

"ಸಾ, ನಾನು ನಿಲ್ಲನೇ ಇಲ್ಲ. ಓದೆ, ಬಂದೆ."

"ಗಡಿಯಾರ ಸುಳ್ಳೇಳ್ತದಾ ತಾಯಿ?"

ಟಿಣ್.

ಬೇಸಿನ್ ಮುಂದೆ ಕೂತೆ. ಕೈ ಕೆಲಸ ಮಾಡುತ್ತಿತ್ತು. ಆಗ ಗೇಟಿನ ಗಡಿಯಾರ ಹನ್ನೊಂದು ಹೊಡೆಯಿತು. ಒಂದು ಹಿಡಿ ಗೂಡು ಮುಗಿಸಿದೆ. ಒಳಗಿನದು ಹನ್ನೊಂದು ಹೊಡೆಯಿತು. ಮದ್ರಾಸು, ಮೈಸೂರು. ನನ್ನ ಕೈ ಬಿಸಿನೀರಿನಲ್ಲೇ ನಿಂತುಬಿಟ್ಟಿತು, ಸುಟ್ಟದ್ದೂ ತಿಳಿಯಲಿಲ್ಲ.

ಹೊರಡುವುದು ಹಿಂದಿರುವ ಗಡಿಯಾರದಲ್ಲಿ. ವಾಪಸ್ ಬರುವುದು ಮುಂದಿರುವ ಗಡಿಯಾರದಲ್ಲಿ. ಎರಡರ ನಡುವೆ ಸುಮಾರು ಹತ್ತು ನಿಮಿಷ, ಅದನ್ನು ನಾವು ಯಾರೂ ಹೊರಗೆ ಕಳೆದಿರಲಿಲ್ಲ, ಆದರೂ ನಮ್ಮ ಡಬ್ಬಿಗೆ ಬೀಳುತ್ತಿತ್ತು. ಅಷ್ಟೇ ಅಲ್ಲ. ಬೆಳಿಗ್ಗೆ ನಾವು ತಡವಾಗಿ ಬಂದೆವೋ ಇಲ್ಲವೋ ನೋಡುವುದು ಗೇಟಿನ ಗಡಿಯಾರದಲ್ಲಿ. ಸಂಜೆ ನಮ್ಮನ್ನು ಬಿಡುವುದು ಒಳಗಿನ ಗಡಿಯಾರದಲ್ಲಿ. ಯಾವ ಕಡೆಯಿಂದ ನೋಡಿದರೂ ಹೊತ್ತು ನಮ್ಮಿಂದಲೇ ಹೋಗುತ್ತಿತ್ತು. ಒಂದು ಕಡೆ ತಪ್ಪಿದ್ದರೆ ಕೈತಪ್ಪು ಅನ್ನಬಹುದಿತ್ತು. ಮೂರು ಕಡೆಯೂ ತಪ್ಪು ಒಂದೇ ಮನೆಗೆ ಹೋಗಿ ಸೇರಿದರೆ ಅದಕ್ಕೆ ಬೇರೆ ಹೆಸರಿದೆ. ತನ್ನ ಹೊತ್ತಿಗೆ ಅವನು ಜೇಬಿನ ಗಡಿಯಾರ ಯಾಕೆ ತೆಗೆಯುತ್ತಿದ್ದ ಎನ್ನುವುದೂ ಆಗ ಹೊಳೆಯಿತು.

ಹಾಗಾದರೆ ನನ್ನ ಮಗಳಿಗೆ ನಾನು ಹತ್ತು ನಿಮಿಷ ಕೊಟ್ಟದ್ದು ಹತ್ತೇ ನಿಮಿಷ. ನಾನು ಮೈಮರೆತಿರಲಿಲ್ಲ. ಅದರ ಬಾಯಿಂದ ಕಿತ್ತುಕೊಳ್ಳಬೇಕಾಗಿರಲಿಲ್ಲ.

ಪಾಪಮ್ಮಕ್ಕನಿಗೆ ಹೇಳಿದೆ. ಅವಳು ಕುದಿಯುವ ನೀರಿನ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು. "ಇದ್ರೊಳಕೆ ಅದ್ದುಬುಡಾನ್ವಾ?" ಅಂದಳು. ನಾನು ಬೇಡ ಅಂದೆ. ಕರುಣೆಯಿಂದಲ್ಲ. ಬಿಸಿನೀರಿನ ನೋವು ನಾಲ್ಕು ದಿನ. ನನಗೆ ನಾಲ್ಕು ದಿನ ಸಾಲದು.

ಕಾಯುವುದನ್ನು ಅವನೇ ಕಲಿಸಿದ್ದ. ಮುಂದಿನ ಆಯುಧಪೂಜೆಯವರೆಗೆ ಕಾದೆ.

ಆಯುಧಪೂಜೆಯ ದಿನ ಕೆಲಸ ಮಾಡುವ ಯಾವ ಸಾಮಾನಿಗೂ ರಜೆ. ಬೇಸಿನ್ನು ತೊಳೆದು, ಚಕ್ರಗಳಿಗೆ ವಿಭೂತಿ ಕುಂಕುಮ ಇಟ್ಟು, ಬೂದಗುಂಬಳ ಒಡೆದು, ಪುರಿ ಹಂಚುವುದು. ನಮ್ಮಲ್ಲಿ ಗಡಿಯಾರಕ್ಕೂ ರಜೆ. ಎರಡನ್ನೂ ಇಳಿಸಿ, ಲೋಲಕ ನಿಲ್ಲಿಸಿ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೂವು ಮುಡಿಸುತ್ತಿದ್ದೆವು. ಅವನ ಬೀಜದ ಚೀಲಕ್ಕೂ ಕುಂಕುಮ ಇಡಬೇಕಿತ್ತು. ಇಟ್ಟೆ. ಮಾರನೆಯ ಬೆಳಿಗ್ಗೆ, ವಿಜಯದಶಮಿಗೆ, ಮತ್ತೆ ಕೆಲಸದ ಮುಹೂರ್ತ.

ಆ ಬೆಳಿಗ್ಗೆ ಧಣಿ ಬರುವ ಮುಂಚೆ ನಾನು ನೆಲದ ಪುರಿ ಗುಡಿಸುತ್ತಿದ್ದೆ. ಮೇಸ್ತ್ರಿ ಅವಸರದಲ್ಲಿದ್ದ. ಧಣಿ ತಮ್ಮ ಬೀಗರನ್ನು ಕರೆತರುತ್ತಾರೆ, ಅವರೂ ಸತ್ಯಮಂಗಲದ ಕಡೆ ನೂಲಿನ ಕಾರ್ಖಾನೆ ಇಟ್ಟವರು, ಬೀಜದ ಪದ್ಧತಿ ನೋಡಬೇಕಂತೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಜೇಬಿನ ಗಡಿಯಾರ ಎಡಗೈಯಲ್ಲಿ ಹಿಡಿದ. ಒಂದು ಗೋಡೆ ಗಡಿಯಾರದ ಗಾಜು ತೆಗೆದು ಮುಳ್ಳನ್ನು ಅದಕ್ಕಿಂತ ಸ್ವಲ್ಪ ಮುಂದೆ ತಿರುಗಿಸಿದ. ಇನ್ನೊಂದರ ಮುಳ್ಳನ್ನು ಸ್ವಲ್ಪ ಹಿಂದೆ ಬಿಟ್ಟ. ಪೊರಕೆ ಹಿಡಿದವಳಿಗೆ ಕಣ್ಣಿರುತ್ತದೆ ಎಂದು ಅವನಿಗೆ ಅನಿಸಲಿಲ್ಲ. ಅಷ್ಟರವರೆಗೆ ನನ್ನೊಳಗೆ ಎಲ್ಲೋ ಒಂದು ಸಣ್ಣ ಅನುಮಾನ ಇತ್ತು, ಪಾಪ ಗಡಿಯಾರಗಳೇ ಕೆಟ್ಟಿರಬಹುದೇನೋ ಎಂದು. ಅದೂ ಪುರಿಯ ಜೊತೆ ಗುಡಿಸಿಹೋಯಿತು.

"ಇದು ಗೇಟ್ಗೆ, ಇದು ಒಳೀಕೆ. ತಕಂಡೋಗಿ ನೇತಾಕಿ ಲೋಲಕ ತಳ್ಬುಡಿ ತಾಯಿ, ಧಣಿ ಬಂದ್ರು" ಎಂದು ಬಾಗಿಲಿಗೆ ಓಡಿದ.

ಒಂದು ಗಡಿಯಾರ ನನ್ನ ಕೈಯಲ್ಲಿ, ಒಂದು ಪಾಪಮ್ಮಕ್ಕನ ಕೈಯಲ್ಲಿ. ನಾವು ಮುಖ ನೋಡಿಕೊಂಡೆವು. ಅವಳು ತನ್ನದನ್ನು ನನ್ನ ಕೈಗಿಟ್ಟು ನನ್ನದನ್ನು ತೆಗೆದುಕೊಂಡಳು. ಗೇಟಿಗೆ ಹೋಗಬೇಕಾದ್ದು ಒಳಗೆ ನೇತಾಡಿತು, ಒಳಗಿನದು ಗೇಟಿಗೆ ಹೋಯಿತು. ಎರಡಕ್ಕೂ ಚೆಂಡುಹೂವಿನ ಒಂದೇ ಥರದ ಹಾರ, ಒಂದೇ ಥರದ ಕುಂಕುಮ. ಹಡೆದ ತಾಯಿಗೂ ಗುರುತು ಸಿಗುತ್ತಿರಲಿಲ್ಲ.

ಧಣಿ, ಬೀಗರು ಶೆಡ್ಡಿನ ಒಳಗೆ ಕುರ್ಚಿಯಲ್ಲಿ ಕೂತರು. ಕೆಲಸ ಶುರುವಾಯಿತು. ಸ್ವಲ್ಪ ಹೊತ್ತಿಗೆ ಗಡಿಯಾರ ಒಂಬತ್ತು ಹೊಡೆಯಿತು. ಒಳಗಿನದು, ಮೊದಲು.

ಅವನು ಧಣಿಗೆ ಎಳನೀರು ಕೊಡುತ್ತಿದ್ದವನು ತಲೆ ಎತ್ತಿದ. ಗೇಟಿನ ಕಡೆ ಕಿವಿ ಇಟ್ಟ. ಗೇಟಿನದು ಹೊಡೆಯಲಿಲ್ಲ. ಹೊಡೆಯಲಿಲ್ಲ. ಒಂದು ಹಿಡಿ ಗೂಡು ಮುಗಿಯಿತು, ಆಮೇಲೆ ಹೊಡೆಯಿತು. ಅವನ ಮುಖದ ರಕ್ತ ಇಳಿಯುವುದನ್ನು ನಾನು ಪೂರ್ತಿ ನೋಡಿದೆ. ಅದಕ್ಕಿಂತ ಚಂದದ ನೋಟ ನಾನು ಕಂಡಿಲ್ಲ, ದಸರಾ ಮೆರವಣಿಗೆಯನ್ನೂ ಸೇರಿಸಿ ಹೇಳುತ್ತಿದ್ದೇನೆ.

"ನಮ್ ಮೇಸ್ತ್ರಿ ಪದ್ಧತಿ ನೋಡ್ಬೇಕು ಅಂದ್ರಲ್ಲ," ಎಂದರು ಧಣಿ ಬೀಗರಿಗೆ. "ಯಾರಾದ್ರೂ ಒಬ್ಳು ಓಗಿ ಬಾರವ್ವ ಹೊರಕ್ಕೆ."

"ಇವತ್ತು ಬ್ಯಾಡ ಧಣಿ, ಒಳ್ಳೆ ದಿನ..." ಎಂದು ಅವನು ತೊದಲುವಷ್ಟರಲ್ಲಿ ನಾನು ಹಲಗೆ ಹಿಡಿದು ಮುಂದೆ ನಿಂತಿದ್ದೆ. ಅವನು ಬರೆಯಲೇಬೇಕಾಯಿತು. ಬಳಪ ಹಲಗೆಯ ಮೇಲೆ ಕಿರುಗುಟ್ಟಿತು. ಒಂಬತ್ತು ಇಪ್ಪತ್ತೈದು.

ನಡೆದುಕೊಂಡು ಗೇಟಿಗೆ ಹೋದೆ. ಓಡಲಿಲ್ಲ. ಹೊಂಗೆ ಮರ ನೋಡಿದೆ. ತಾತ ಗೇಟಿನ ಗಡಿಯಾರ ನೋಡಿ ಬರೆದು, ತಾನು ಬರೆದದ್ದನ್ನು ತಾನೇ ಓದಿಕೊಂಡು, ನನ್ನ ಮುಖ ನೋಡಿದ. ಒಂಬತ್ತು ಹದಿನೆಂಟು. ನಾನು ಹಲಗೆಯನ್ನು ಮೇಸ್ತ್ರಿಗೆ ಕೊಡಲಿಲ್ಲ, ನೇರ ಬೀಗರ ಕೈಗೆ ಕೊಟ್ಟೆ.

ಬೀಗರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಎನ್ನಂಗ ಇದು? ಈಯಮ್ಮ ಹೋಗೋಕೆ ಮುಂಚೆನೇ ವಾಪಸ್ ಬಂದಿದಾಳಲ್ರಿ!"

"ಅಂಗಾದ್ರೆ ನನ್ ಡಬ್ಬಿಗೆ ಬೀಜ ಆಕದಲ್ಲ ಸಾ," ಎಂದೆ ನಾನು, "ಒಳಗಿಂದ ತೆಗೀಬೇಕು."

ಯಾರೋ ಕಿಸಕ್ಕೆಂದರು. ಪಾಪಮ್ಮಕ್ಕ ಹಲಗೆ ತೆಗೆದುಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. "ನಂಗೂ ಬರ್ಕೊಡಿ ಸಾ, ನಾನೂ ನೆನ್ನೆಗೆ ಓಗ್ಬತ್ತೀನಿ" ಎಂದಳು ಒಬ್ಬಳು. ಎರಡು ಸಾಲು ಬೇಸಿನ್ನಿನ ಹೆಂಗಸರೆಲ್ಲ ನಗತೊಡಗಿದರು. ಆ ಶೆಡ್ಡಿನಲ್ಲಿ ಅಂಥ ನಗು ಅದಕ್ಕೆ ಮುಂಚೆ ಕೇಳಿರಲಿಲ್ಲ. ಧಣಿಯ ಮುಖ ಕಪ್ಪಿಟ್ಟಿತು. ಬೀಗರ ಮುಂದೆ ಮರ್ಯಾದೆ ಹೋಗುತ್ತಿತ್ತು.

"ಏನ್ರಿ ಇದು ಮೇಸ್ತ್ರಿ?"

ಅವನು ಸುಮ್ಮನಿದ್ದಿದ್ದರೆ ಉಳಿದುಕೊಳ್ಳುತ್ತಿದ್ದ. ಗಡಿಯಾರ ಕೆಟ್ಟಿದೆ ಅಂದಿದ್ದರೂ ಸಾಕಿತ್ತು. ಅಷ್ಟು ವರ್ಷ ದನಿ ಎತ್ತದವನು ಅವತ್ತು ಕಿರುಚಿದ.

"ಅದ್ಲುಬದ್ಲು ಮಾಡವ್ರೆ ಧಣಿ! ಗೇಟಿಂದು ಮುಂದಿರಬೇಕು! ಒಳಗಿಂದು ಹಿಂದಿರಬೇಕು! ನಾನೇ ಇಟ್ಟಿದ್ದೆ!"

ನಗು ನಿಂತುಹೋಯಿತು. ತಾನು ಏನು ಹೇಳಿದೆ ಎನ್ನುವುದು ಅವನಿಗೆ ನಮ್ಮೆಲ್ಲರಿಗಿಂತ ತಡವಾಗಿ ತಿಳಿಯಿತು. ಪಾಪಮ್ಮಕ್ಕ ಮೆಲ್ಲಗೆ ಕೇಳಿದಳು: "ಇರಬೇಕಾ ಸಾ? ಯಾಕಿರಬೇಕು?"

ಧಣಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಗೊತ್ತಿದ್ದರೆ ಅವರ ಪಾಲಿನ ಸಿಟ್ಟೂ ನನ್ನ ಹತ್ತಿರ ಜೋಪಾನವಾಗಿದೆ, ಬಂದು ತೆಗೆದುಕೊಳ್ಳಲಿ. ಮಾರನೆಯ ದಿನ ಡಬ್ಬಿಗಳು ಮೊಳೆಯ ಮೇಲಿರಲಿಲ್ಲ. ಎರಡು ಗಡಿಯಾರವೂ ಒಟ್ಟಿಗೆ ಹೊಡೆದವು. ಕಡಿದ ಕೂಲಿ ಯಾರಿಗೂ ವಾಪಸ್ ಬರಲಿಲ್ಲ. ಆಮೇಲೆ ಬಂದ ಬಾಣಂತಿಯರಿಗೆ ಮಾತ್ರ, ಕೂಸು ಕುಡಿದು ಮುಗಿಸುವವರೆಗೆ ಎಂದು ಹೊತ್ತು ಬಿಟ್ಟರು. ಒಬ್ಬ ಹುಡುಗಿ ಮರದ ಕೆಳಗೆ ಕೂತು, ಕೂಸು ನಿದ್ದೆ ಹೋದ ಮೇಲೂ ಏಳದೆ ಜೋಗುಳ ಹಾಡುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹುಳುವಿನ ಗೋದಾಮಿಗೆ ಹಾಕಿದರು. ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳುಗಳನ್ನು ಗೊಬ್ಬರಕ್ಕೆ ಕೂಡಿಡುವ ಜಾಗ ಅದು. ಅಲ್ಲಿಯ ನಾತಕ್ಕೆ ನಾಯಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಬಿಳಿ ಅಂಗಿ ವಾರದಲ್ಲಿ ಹಳದಿಯಾಯಿತು. ನಾವು ಅವನ ಮುಂದೆ ಹಾಯುವಾಗ ಬೇಕೆಂದೇ ಸೆರಗು ಮೂಗಿಗೆ ಮುಚ್ಚಿಕೊಂಡು ನಿಧಾನವಾಗಿ ನಡೆಯುತ್ತಿದ್ದೆವು. ಅವನು ತಲೆ ಎತ್ತುತ್ತಿರಲಿಲ್ಲ. ಆ ನಾತದಲ್ಲಿ ವರ್ಷಗಟ್ಟಲೆ ಕೂತ. ನನಗೆ ಸಾಕೆನಿಸಲಿಲ್ಲ.

ಎಷ್ಟೋ ವರ್ಷದ ಮೇಲೆ ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ನನ್ನ ಜೊತೆ ಮಗಳಿದ್ದಳು, ನನ್ನ ಭುಜದವರೆಗೆ ಬೆಳೆದಿದ್ದಳು, ಆದರೂ ಮಣಿಕಟ್ಟು ಹಿಡಿದರೆ ನನ್ನ ಎರಡು ಬೆರಳು ಒಂದನ್ನೊಂದು ದಾಟುತ್ತಿದ್ದವು. ಅವನ ಕಣ್ಣಿಗೆ ಪೊರೆ ಬಂದಿತ್ತು. ಗುರುತು ಹತ್ತದೆ ಕೇಳಿದ.

"ಕೊಳ್ಳೇಗಾಲದ ಬಸ್ಸು ಎಷ್ಟೊತ್ಗೆ ತಾಯಿ?"

"ಯಾವ ಗಡಿಯಾರದಲ್ಲಿ ಸಾ?" ಎಂದೆ.

ದನಿ ಗುರುತು ಹಿಡಿದ. ಕೊಡೆ ಊರಿಕೊಂಡು ಹೋಗಿ ಆಚೆ ಕಟ್ಟೆಯ ಮೇಲೆ ಕೂತ. ಬಸ್ಸು ಬಂತು, ನಾವು ಹತ್ತಿದೆವು, ಅವನು ಹತ್ತಲಿಲ್ಲ. ಮಗಳು "ಯಾರವ್ವ ಅದು?" ಎಂದಳು. "ಯಾರೋ" ಎಂದೆ.

ಅವನು ಸತ್ತ ಸುದ್ದಿ ತಂದದ್ದು ಪಾಪಮ್ಮಕ್ಕ. ಮೂರನೇ ದಿನ ಹಾಲು ತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹೋಗಿ, ಗೊತ್ತಿದ್ದವರೆಲ್ಲ ಒಂದೊಂದು ತೊಟ್ಟು ಹಾಲು ಬಿಡುವುದು ನಮ್ಮ ಕಡೆಯ ಪದ್ಧತಿ. ನಾನು ಹೋಗುವುದಿಲ್ಲ ಎಂದೆ. ಅತ್ತೆಗೆ ಆಗ ಬೆನ್ನು ಬಾಗಿತ್ತು. ಹೊಂಗೆ ಮರದ ಕೆಳಗೆ ಅಳುವ ಕೂಸನ್ನು ಎತ್ತಿಕೊಂಡು ಕೂತವಳು ಅವಳೇ. ಅವಳೇ ತಂಬಿಗೆಗೆ ಹಾಲು ಬಗ್ಗಿಸಿ ನನ್ನ ಕೈಗಿಟ್ಟಳು.

"ಸತ್ತೋರ್ ಮ್ಯಾಲೆ ಎಂಥ ಸಿಟ್ಟವ್ವ. ಓಗಿ ಒಂದ್ ತೊಟ್ಟು ಬುಟ್ಬುಟ್ಟು ಬಾ. ನಿನ್ ಮನ್ಸೂ ಅಗುರಾಯ್ತದೆ."

ಹೋದೆ. ಹಸಿ ಮಣ್ಣಿನ ದಿಬ್ಬದ ಮುಂದೆ ಸಾಲು ನಿಂತಿತ್ತು. ಜನ ಎಲೆಯನ್ನು ಹಾಲಿಗೆ ಅದ್ದಿ ತೊಟ್ಟು ಬಿಡುತ್ತಿದ್ದರು. ಪಾಪಮ್ಮಕ್ಕನೂ ಬಿಟ್ಟಳು, ಕೈ ಮುಗಿದಳು. ನನ್ನ ಸರದಿ ಬಂತು. ನಿಂತೆ. ಹಾಲು ಬಿಡಲು ಎಲೆ ಕೊಟ್ಟರು, ತೆಗೆದುಕೊಳ್ಳಲಿಲ್ಲ. ಕೂಸೊಂದು ಹೊಟ್ಟೆ ತುಂಬ ಕುಡಿದು, ತಾನಾಗಿ ಬಾಯಿ ಬಿಟ್ಟು, ನಿದ್ದೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನ ತಲೆಯ ಕಡೆ ನಿಂತಿದ್ದೆ. ಹಿಂದಿನವರು ಕೆಮ್ಮಿದರು, ಯಾರೋ "ಬೇಗ ಬುಡವ್ವ" ಎಂದರು. ನಾನು ಅಲುಗಲಿಲ್ಲ. ಅವರು ಅಳುತ್ತಿದ್ದೇನೆ ಅಂದುಕೊಂಡರು. ಆಮೇಲೆ ಒಂದು ತೊಟ್ಟೂ ಚೆಲ್ಲದ ಹಾಗೆ ತಂಬಿಗೆ ಹಿಡಿದುಕೊಂಡು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ಕೂತಿದ್ದಳು. ತುಂಬಿದ ತಂಬಿಗೆ ನೋಡಿದಳು, ನನ್ನ ಮುಖ ನೋಡಿದಳು. ಬುದ್ಧಿ ಹೇಳುತ್ತಾಳೆ ಅಂದುಕೊಂಡೆ. ಅವಳು ತಂಬಿಗೆ ಈಸಿಕೊಂಡು ಒಲೆಯ ಮುಂದೆ ಹೋಗಿ ಹಾಲು ಕಾಯಿಸಿದಳು, ಒಂದು ಉಂಡೆ ಬೆಲ್ಲ ಹಾಕಿದಳು, ನನ್ನ ಮಗಳನ್ನು ಕರೆದು ಕೈಗಿಟ್ಟಳು.

ಮಗಳು ಗೋಡೆಗೆ ಒರಗಿ ಕೂತು ಊದಿಕೊಂಡು ಊದಿಕೊಂಡು ಕುಡಿದಳು. ಅವಳು ಪೂರ್ತಿ ಕುಡಿದು ಮುಗಿಸುವವರೆಗೂ ನಾನು ಎದುರಿಗೇ ಕೂತಿದ್ದೆ. ಯಾರೂ ನನ್ನನ್ನು ಕರೆಯಲಿಲ್ಲ.